ಬಿ.ಎ. ಮುಗೀತು, ಇನ್ನು ಕರಿಕೋಟು



ಡಿಗ್ರಿ ಮುಗಿದ ವರ್ಷ ಹಾಸ್ಟೆಲಿನ ಕೋಣೆ ಕೋಣೆಯಲ್ಲೂ ಒಂದೇ ಪ್ರಶ್ನೆ: "ಮುಂದೇನಲೇ?" ಒಬ್ಬ ಬಿ.ಎಡ್. ಅಂತಾನೆ. ಇನ್ನೊಬ್ಬ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಪುಸ್ತಕ ಕೊಂಡಿದ್ದಾನೆ. ಮತ್ತೊಬ್ಬ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ಅಣ್ಣನ ಜೊತೆ ರೈಲು ಹತ್ತುತ್ತಾನೆ. ಯಾರಾದರೂ "ನಾ ಎಲ್‌ಎಲ್‌ಬಿ ಮಾಡ್ತೀನಿ" ಅಂದರೆ ಉಳಿದವರು ನಗುತ್ತಾರೆ: "ಇನ್ನೂ ಮೂರು ವರ್ಷ ಹಾಸ್ಟೆಲ್ ಸೀಟು ಹಿಡಿಯಾಕ ನೆಪ ಹುಡುಕ್ಯಾನ."

ಆ ನಗುವಿನಲ್ಲಿ ಅರ್ಧ ಸತ್ಯ ಇದೆ. ಬೇರೆ ದಾರಿ ಸಿಗದೆ ಕಾನೂನು ಕಾಲೇಜಿಗೆ ಹೆಸರು ಹಚ್ಚಿದವರು ನಮ್ಮಲ್ಲೇ ಇದ್ದೇವೆ. ಇನ್ನರ್ಧ ಸತ್ಯವನ್ನು ಇಲ್ಲಿ ಹೇಳುತ್ತೇವೆ.

ದೇವದುರ್ಗ ತಾಲೂಕಿನ ನಮ್ಮ ಗೆಳೆಯನೊಬ್ಬನ ದೊಡ್ಡಪ್ಪನಿಗೆ ಸರ್ಕಾರ ಕೊಟ್ಟ ಜಮೀನಿತ್ತು. ಮಗಳ ಮದುವೆ ಸಾಲಕ್ಕೆ ಅದು ಕೈಬಿಟ್ಟಿತು. ವರ್ಷಗಳ ಮೇಲೆ ಯಾರೋ ಹೇಳಿದರು, ಆ ಮಾರಾಟ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು. ಎಸಿ ಕಚೇರಿಗೆ ಅರ್ಜಿ ಹಾಕಿದರು, ತಾರೀಖಿಗೆ ತಾರೀಖು ಅಲೆದರು. ಕೊನೆಗೆ ಒಂದು ಆದೇಶದ ಪ್ರತಿ ಕೈಗೆ ಬಂತು. ವಕೀಲರು "ಆಮ್ಯಾಲೆ ಬಾ" ಅಂದರು. ಮುದುಕ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದ. ರಜೆಗೆ ಹೋದ ನಮ್ಮ ಗೆಳೆಯನ ಮುಂದೆ ಹಿಡಿದ: "ಬಿ.ಎ. ಓದೀಯಲ್ಲಪ್ಪ, ಇದರಾಗ ಏನ್ ಬರದಾರ ಹೇಳು."

ಆದೇಶ ಕನ್ನಡದಲ್ಲೇ ಇತ್ತು. ಗೆಳೆಯ ಎರಡು ಸಲ ಓದಿದ. ಅಕ್ಷರ ಓದಲು ಬಂತು, ಅರ್ಥ ಹೇಳಲು ಬರಲಿಲ್ಲ. ಅರ್ಜಿ ತಡವಾಗಿ ಬಂದಿದೆ ಎಂದು ವಜಾ ಆಗಿದೆ, ಮೂರು ತಿಂಗಳೊಳಗೆ ಡಿಸಿ ಮುಂದೆ ಮೇಲ್ಮನವಿ ಹಾಕಬೇಕು ಎಂದು ತಿಳಿಯುವ ಹೊತ್ತಿಗೆ ಐದು ತಿಂಗಳಾಗಿತ್ತು. "ಹದಿನೈದು ವರ್ಷ ಸಾಲಿ ಕಲಿತೆ, ದೊಡ್ಡಪ್ಪಗ ಎರಡು ಹಾಳಿ ಓದಿ ಹೇಳಾಕ ಆಗಲಿಲ್ಲ" ಎಂದು ಅವನು ಅಂದ ದಿನ ನಾವು ಯಾರೂ ನಗಲಿಲ್ಲ. ಅವನು ಈಗ ಕಾನೂನು ಓದುತ್ತಿದ್ದಾನೆ.

ಆ ಕಾನೂನು ಯಾವುದು? 1978ರ ಪಿಟಿಸಿಎಲ್ ಕಾಯ್ದೆ. ನಮ್ಮವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಬಾರದು, ಮಾಡಿದ್ದರೆ ಎಸಿ ಅದನ್ನು ಬಿಡಿಸಿ ವಾಪಸು ಕೊಡಿಸಬೇಕು ಅನ್ನುವ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ ಎಂದಿತು. ಅದರ ಬಲದ ಮೇಲೆ ಎಷ್ಟೋ ಅರ್ಜಿ ವಜಾ ಆದವು. ಹೋರಾಟ ನಡೆದು 2023ರಲ್ಲಿ ತಿದ್ದುಪಡಿ ಬಂತು: ಅರ್ಜಿಗೆ ಕಾಲಮಿತಿ ಇಲ್ಲ. ಆದರೂ ವಿಳಂಬದ ವಾದ ಕೋರ್ಟುಗಳಲ್ಲಿ ಇನ್ನೂ ನಿಂತಿಲ್ಲ. ಬೀದಿಯಲ್ಲಿ ಗೆದ್ದದ್ದನ್ನು ಕೋರ್ಟಿನಲ್ಲಿ ಉಳಿಸಿಕೊಳ್ಳುವವರು ಯಾರು? ಘೋಷಣೆ ಕೂಗಿದ ನಾವೇ ಅಲ್ಲವೆ? ದೇವದುರ್ಗಕ್ಕೆ ನಾರಾಯಣಪುರದ ನೀರು, ಮಾನ್ವಿಗೆ ತುಂಗಭದ್ರೆಯ ನೀರು ಬಂತು. ನೀರು ಬಂದ ಕಡೆ ಜಮೀನಿಗೆ ಬೆಲೆ ಬರುತ್ತದೆ, ಬೆಲೆ ಬಂದ ಜಮೀನಿನ ಮೇಲೆ ಉಳ್ಳವರ ಕಣ್ಣು ಬೀಳುತ್ತದೆ.

ದೌರ್ಜನ್ಯದ ಕೇಸುಗಳದ್ದೂ ಅದೇ ಕಥೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಒಂದು ಕಾಲಕ್ಕೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಹತ್ತು ವರ್ಷ ಸಾಕ್ಷಿಗಳನ್ನು ಹಿಡಿದು ನಿಲ್ಲಿಸುವುದು ಸಣ್ಣ ಕೆಲಸವಲ್ಲ. 1989ರ ಕಾಯ್ದೆಗೆ ತಿದ್ದುಪಡಿಯಾಗಿ ಸೇರಿದ 15ಎ ಕಲಮಿನ ಪ್ರಕಾರ, ಆರೋಪಿಯ ಜಾಮೀನು ಅರ್ಜಿ ಬಂದಾಗ ನೊಂದವರ ಮಾತನ್ನೂ ಕೋರ್ಟು ಕೇಳಬೇಕು. ನಮ್ಮ ಕೇರಿಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

"ಬಿ.ಎ. ಓದಿದ್ದೆಲ್ಲ ದಂಡ ಆತಲ್ಲ" ಅನ್ನುವವರಿಗೆ ಬಾಬಾಸಾಹೇಬರನ್ನು ನೋಡಿ ಅನ್ನುತ್ತೇವೆ. ಅವರು 1912ರಲ್ಲಿ ಬಿ.ಎ. ಆದರು, ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದರು. 1916ರಲ್ಲಿ ಲಂಡನ್ನಿಗೆ ಹೋಗಿ ಕಾನೂನಿಗೆ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಅರ್ಧಕ್ಕೆ ಬಿಟ್ಟು ಬಂದರು. 1920ರಲ್ಲಿ ಮತ್ತೆ ಹೋಗಿ 1922ರಲ್ಲಿ ಬ್ಯಾರಿಸ್ಟರ್ ಆದರು. ಆಗ ಅವರಿಗೆ 31 ವರ್ಷ. ನಮ್ಮ ಭಾಗದಲ್ಲಿ 1968ರಲ್ಲಿ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರರೂ ಉಸ್ಮಾನಿಯಾದಲ್ಲಿ ಕಾನೂನು ಓದಿದವರೇ. ಇತಿಹಾಸ ಓದಿದವನಿಗೆ ಹಳೇ ದಾಖಲೆ ಗೊತ್ತು, ಬಿ.ಕಾಂ. ಆದವನಿಗೆ ಲೆಕ್ಕ ಗೊತ್ತು. ಕೋರ್ಟಿನಲ್ಲಿ ಯಾವುದೂ ದಂಡವಾಗುವುದಿಲ್ಲ.

ಇನ್ನು ವ್ಯವಹಾರದ ಮಾತು. ಡಿಗ್ರಿ ಆದವರಿಗೆ ಎಲ್‌ಎಲ್‌ಬಿ ಮೂರು ವರ್ಷ, ಆರು ಸೆಮಿಸ್ಟರ್. ಎಸ್‌ಸಿ, ಎಸ್‌ಟಿಯವರಿಗೆ ಡಿಗ್ರಿಯಲ್ಲಿ ಶೇ. 40 ಅಂಕ ಸಾಕು. ರಾಯಚೂರಿನಲ್ಲೇ ಕಾಲೇಜಿದೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅಂಚೆ ತೆರಪಿನ ಎಲ್‌ಎಲ್‌ಬಿ ಮಾರುವವರನ್ನು ನಂಬಬೇಡಿ, ಅದಕ್ಕೆ ಮಾನ್ಯತೆ ಇಲ್ಲ, ತರಗತಿಗೆ ಹೋಗಲೇಬೇಕು. ಅಣ್ಣಂದಿರ ಹಳೇ ನೋಟ್ಸು ನೆಚ್ಚಿ ಕೂಡಬೇಡಿ: 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಾಗಂತ ಬಿಸಾಕಲೂಬೇಡಿ, ಅದಕ್ಕೂ ಹಿಂದಿನ ಅಪರಾಧಗಳಿಗೆ ಐಪಿಸಿಯೇ. ಸನದಿಗೆ ಸಾವಿರಾರು ರೂಪಾಯಿ ಕಟ್ಟುವ ಕಾಲವೂ ಹೋಯಿತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಹೇಳಿದೆ: ನೋಂದಣಿ ಶುಲ್ಕ ಎಸ್‌ಸಿ, ಎಸ್‌ಟಿಯವರಿಗೆ 125 ರೂಪಾಯಿ, ಉಳಿದವರಿಗೆ 750. ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಕಷ್ಟವನ್ನು ಮುಚ್ಚಿಡುವುದಿಲ್ಲ. ಸನದು ಬಂದ ಕೂಡಲೇ ಅನ್ನ ಬರುವುದಿಲ್ಲ. ಜೂನಿಯರುಗಳಿಗೆ ಹಳ್ಳಿ ಕಡೆ ತಿಂಗಳಿಗೆ 15,000 ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಸೀನಿಯರುಗಳಿಗೆ ಹೇಳಿದೆ, ಆದರೆ ಅದು ಬರೀ ಶಿಫಾರಸು. ಮನೆಯಲ್ಲಿ ಅವ್ವ ಹತ್ತಿ ಬಿಡಿಸಲು ಹೋಗುವಾಗ ಮಗ ಕರಿಕೋಟು ಹಾಕಿಕೊಂಡು ಬರಿಗೈಲಿ ಬರುವುದು ನಾಚಿಕೆಯ ಮಾತು, ನಮಗೆ ಗೊತ್ತು. ಕಾನೂನು ಪದವೀಧರರಿಗೆ ತರಬೇತಿ ಕಾಲದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಭತ್ಯೆಯ ಯೋಜನೆ ಇದೆ. ಅದನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ಒಟ್ಟಾಗಿ ಕೇಳೋಣ. ಸನದು ಪಡೆದ ಹಿರಿಯರಲ್ಲೂ ಒಂದು ಮಾತು: ಅಣ್ಣಾ, ನಿಮ್ಮ ಕಚೇರಿಯಲ್ಲಿ ಹಾಸ್ಟೆಲಿನ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಕುರ್ಚಿ ಹಾಕಿ.

ಮತ್ತೆ, ಎಲ್ಲರೂ ವಕೀಲರಾಗಿ ಅನ್ನುತ್ತಿಲ್ಲ. ಪ್ರತಿ ಹಾಸ್ಟೆಲಿನಿಂದ ವರ್ಷಕ್ಕೆ ಇಬ್ಬರು ಸಾಕು. ಉಳಿದವರು ಭಾನುವಾರ ಒಂದು ತಾಸು ಕೂತು ಒಂದೊಂದು ಕಾಯ್ದೆ ಓದೋಣ. ಊರಿಗೆ ಹೋದಾಗ ದೊಡ್ಡಪ್ಪನ ಪ್ಲಾಸ್ಟಿಕ್ ಚೀಲ ಬಿಚ್ಚೋಣ. ಗೆಳೆಯ ಬರೆದ ಅರ್ಜಿಯ ಮೇಲೆ ತಡವನ್ನು ಮನ್ನಿಸಿ ಆ ಮೇಲ್ಮನವಿಯನ್ನು ತೆಗೆದುಕೊಂಡಿದ್ದಾರೆ. ಜಮೀನು ಇನ್ನೂ ಬಂದಿಲ್ಲ. ಆದರೆ ಮುಂದಿನ ತಾರೀಖಿಗೆ ಮುದುಕ ಒಬ್ಬನೇ ಹೋಗುವುದಿಲ್ಲ.

ಜೈಭೀಮ್.