ದಪ್ಪ ಟಯರು ನಿಧಾನವೇ?

ಸಪೂರ ಟಯರೇ ವೇಗ ಎನ್ನುವವರುಂಟು. ಜಲ್ಲಿ ರಸ್ತೆಯಲ್ಲಿ ನೋಡಿ: ಗಟ್ಟಿ ಗಾಳಿಯ ಸಪೂರ ಟಯರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಎತ್ತಿ ಕುಕ್ಕುತ್ತದೆ. ತುಳಿದ ಶ್ರಮ ಕುಲುಕಾಟದಲ್ಲೇ ಪೋಲು. ಅಗಲ ಟಯರಿಗೆ ಕಡಿಮೆ ಗಾಳಿ ಸಾಕು. ಕಲ್ಲು ಸಿಕ್ಕರೆ ಟಯರು ತಗ್ಗುತ್ತದೆ, ಸೈಕಲ್ ಸರಾಗ ಓಡುತ್ತದೆ.

1887ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿ ಸೈಕಲ್ಲಿಗಾಗಿ ಗಾಳಿಯ ಟಯರು ಮಾಡಿದರು. ಹಳೆಯ ಚಕ್ರವನ್ನೂ ಹೊಸದನ್ನೂ ಅಂಗಳದಲ್ಲಿ ಉರುಳಿಸಿದರು. ಗಾಳಿಯದೇ ಹೆಚ್ಚು ದೂರ ಓಡಿತು!

ಮಕ್ಕಳೇ, ನೀವೂ ಪರೀಕ್ಷಿಸಿ. ವಾಹನವಿಲ್ಲದ ಸಣ್ಣ ಮಣ್ಣಿನ ಇಳಿಜಾರು, ಅದೇ ಸೈಕಲ್, ಅದೇ ಸವಾರ. ಪೆಡಲ್ ತುಳಿಯದೆ ಇಳಿಯಿರಿ. ಗಟ್ಟಿ ಗಾಳಿಯಲ್ಲಿ ಮೂರು ಸಲ, ಸ್ವಲ್ಪ ಇಳಿಸಿ ಮೂರು ಸಲ. ನಿಂತಲ್ಲಿ ಅಜ್ಜ ಗೆರೆ ಎಳೆಯಲಿ, ಅಜ್ಜಿ ಅಳೆಯಲಿ. ಯಾವುದು ಗೆದ್ದಿತು?