ಉಳಿಸಿದ ಯೂನಿಟ್ಟಿನ ಲೆಕ್ಕ

ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬದ ವರ್ಷ, ಬೇಸಿಗೆಗೆ ಮೊದಲೇ ಲೋಡ್ ಶೆಡ್ಡಿಂಗ್ ಶುರುವಾದ ವರ್ಷ, ಕರ್ನಾಟಕದಲ್ಲಿ ವಿದ್ಯುತ್ತಿನ ಚರ್ಚೆ ಮತ್ತೆ ಕಾವೇರುತ್ತದೆ. 2023ರ ಬರದಲ್ಲೂ ಹಾಗೇ ಆಯಿತು. ಕಲ್ಲಿದ್ದಲಿಲ್ಲದೆ ಗತಿಯಿಲ್ಲ ಎಂದು ಕೆಲವರು, ಅಣು ವಿದ್ಯುತ್ತೇ ಭರವಸೆ ಎಂದು ಕೆಲವರು, ಇನ್ನೇನಿದ್ದರೂ ಬಿಸಿಲು ಮತ್ತು ಗಾಳಿಯ ಕಾಲ ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಇಷ್ಟೊಂದು ಭಿನ್ನಾಭಿಪ್ರಾಯದ ನಡುವೆಯೂ ಇವರೆಲ್ಲ ಒಂದು ವಿಷಯವನ್ನು ಪ್ರಶ್ನಿಸದೆ ಒಪ್ಪಿಕೊಂಡಿರುತ್ತಾರೆ. ಬೇಡಿಕೆ ತಾನಾಗಿ ಏರುತ್ತಲೇ ಇರುತ್ತದೆ, ಅದನ್ನು ಪೂರೈಸುವುದಷ್ಟೇ ನಮ್ಮ ಕೆಲಸ ಎಂಬುದು ಆ ವಿಷಯ. ನಾನು ಒಪ್ಪದಿರುವುದು ಅದನ್ನೇ. ವಿದ್ಯುತ್ತು ಯಾವುದರಿಂದ ಬರಬೇಕು ಎನ್ನುವುದಕ್ಕೆ ಮೊದಲು ಅದು ಯಾವ ಕೆಲಸಕ್ಕೆ, ಎಷ್ಟು, ಯಾವ ಹೊತ್ತಿಗೆ ಬೇಕು ಎಂದು ಕೇಳಬೇಕು. ಈ ಕ್ರಮ ತಪ್ಪಿದರೆ ಹಸಿರು ಎನಿಸಿಕೊಂಡ ವಿದ್ಯುತ್ತೂ ಅನ್ಯಾಯಕ್ಕೆ ದಾರಿಯಾಗುತ್ತದೆ.

ಯಾಕೆಂದರೆ ಬೆಲೆ ತೆರದೆ ಸಿಗುವ ವಿದ್ಯುತ್ತು ಎಲ್ಲೂ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ಈ ನಾಡು ಜಲವಿದ್ಯುತ್ತಿನ ಬಗ್ಗೆ ಹೆಮ್ಮೆಪಡುವುದು ಸಹಜ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರು, ತೋಟ, ಗದ್ದೆಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಕುಟುಂಬಗಳ ಭೂಮಿಯ ಹಕ್ಕಿನ ತಕರಾರು ಅರ್ಧ ಶತಮಾನ ಕಳೆದರೂ ಮುಗಿಯಲಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ಹೊರರಾಜ್ಯಗಳಿಂದ ಬರಬೇಕು, ಹಾರುಬೂದಿಯನ್ನು ಮಾತ್ರ ಸುತ್ತಲಿನ ಹಳ್ಳಿಗಳೇ ಉಣ್ಣಬೇಕು. ಪಾವಗಡದ ಸೌರ ಪಾರ್ಕು ಇವೆರಡಕ್ಕಿಂತ ಮೇಲು. 2,050 ಮೆಗಾವಾಟ್ ಸಾಮರ್ಥ್ಯದ ಆ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾಯಿತು. ಅದನ್ನು ರೈತರಿಂದ ಕಸಿದುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿಯೇ. ಆದರೂ ವರ್ಷವರ್ಷದ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ.

ಬೇಡಿಕೆಯನ್ನೇ ಮೊದಲು ಪರೀಕ್ಷಿಸಬೇಕು ಎಂಬ ವಿಚಾರ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ಇದನ್ನು ದಶಕಗಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು. ಜನರಿಗೆ ಬೇಕಿರುವುದು ಯೂನಿಟ್ಟುಗಳಲ್ಲ; ಬೆಳಕು, ಬಿಸಿನೀರು, ಹೊಲಕ್ಕೆ ನೀರು, ಬೇಯಿಸಿದ ಅನ್ನ ಎನ್ನುವುದು ಅವರ ಚಿಂತನೆಯ ತಿರುಳು. ಇದೇ ಸೇವೆಗಳನ್ನು ದಕ್ಷ ಉಪಕರಣ ಮತ್ತು ಸ್ಥಳೀಯ ಮೂಲಗಳಿಂದ ಒದಗಿಸಿದರೆ, 2000ನೇ ಇಸವಿಯ ಹೊತ್ತಿಗೆ ಬೇಕಾಗುತ್ತದೆಂದು ಸರ್ಕಾರಿ ಯೋಜನೆ ಹೇಳಿದ್ದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲಿ ಕರ್ನಾಟಕ ನಡೆಯಬಹುದು ಎಂದು ಅವರ ತಂಡ ಲೆಕ್ಕ ಕೊಟ್ಟಿತು.

ಆ ವಿಚಾರ ಇಂದಿಗೆ ಎಷ್ಟು ಹೊಂದುತ್ತದೆ ಎಂದು ನೋಡಲು ಮನೆಯ ಸೀಲಿಂಗ್ ಫ್ಯಾನೊಂದು ಸಾಕು. ಹಳೆಯ ಮಾದರಿಯ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟಾರಿನ ಫ್ಯಾನು ಅಷ್ಟೇ ಗಾಳಿಯನ್ನು ಸುಮಾರು 30 ವಾಟ್‌ನಲ್ಲಿ ಕೊಡುತ್ತದೆ. ದಿನಕ್ಕೆ 12 ಗಂಟೆ ತಿರುಗಿದರೆ ಉಳಿಯುವುದು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಒಂದು ಮನೆಯ ಮಟ್ಟಿಗೆ ಇದು ಚಿಲ್ಲರೆ ಎನಿಸಬಹುದು. ಆದರೆ ಒಂದು ಕೋಟಿ ಫ್ಯಾನುಗಳು ಒಂದೇ ಹೊತ್ತಿಗೆ ತಿರುಗುವ ಬೇಸಿಗೆಯ ರಾತ್ರಿಯನ್ನು ಲೆಕ್ಕಕ್ಕೆ ತಂದರೆ ಉಳಿತಾಯ 450 ಮೆಗಾವಾಟ್ ಆಗುತ್ತದೆ. ರಾಯಚೂರಿನ 210 ಮೆಗಾವಾಟಿನ ಎರಡು ಘಟಕಗಳಿಗಿಂತ ಇದು ಹೆಚ್ಚು. ತಂತಿಯಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಸ್ಥಾವರದ ಬಾಗಿಲಲ್ಲಿ ಉಳಿಯುವುದು ಇನ್ನೂ ಹೆಚ್ಚು. ಇದಕ್ಕಾಗಿ ಒಂದು ಗುಂಟೆ ಜಮೀನೂ ಬೇಡ. 60 ವಾಟಿನ ಬಲ್ಬಿನ ಜಾಗಕ್ಕೆ 9 ವಾಟಿನ ಎಲ್‌ಇಡಿ ಬಂದದ್ದನ್ನು 2015ರಿಂದೀಚೆಗೆ ಕಣ್ಣಾರೆ ಕಂಡಿದ್ದೇವೆ; ಯಾರ ಮನೆಯೂ ಕತ್ತಲಾಗಲಿಲ್ಲ.

ಬಡ ರಾಜ್ಯಕ್ಕೆ ಉಳಿತಾಯದ ಉಪದೇಶ ಯಾಕೆ, ಬೆಳವಣಿಗೆಗೆ ಹೆಚ್ಚು ವಿದ್ಯುತ್ತು ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಫ್ರಿಜ್ಜೇ ಇಲ್ಲದ ಮನೆಗೆ ಕಡಿಮೆ ಬಳಸು ಎಂದು ಹೇಳುವುದು ಕ್ರೌರ್ಯ. ಆದರೆ ದಕ್ಷತೆ ಎಂದರೆ ಕಡಿಮೆ ಸೌಕರ್ಯವಲ್ಲ. ಅದೇ ಸೌಕರ್ಯಕ್ಕೆ ಕಡಿಮೆ ಖರ್ಚು, ಉಳಿದದ್ದರಲ್ಲಿ ಇನ್ನೊಂದು ಮನೆಗೆ, ಇನ್ನೊಂದು ಕಾರ್ಖಾನೆಗೆ ವಿದ್ಯುತ್ತು. ಇನ್ನೂ ಗಟ್ಟಿಯಾದ ಆಕ್ಷೇಪ ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ಗೃಹಜ್ಯೋತಿ ಯೋಜನೆಯದು. ಬಿಲ್ಲೇ ಕಟ್ಟಬೇಕಿಲ್ಲದ ಮನೆಯವರು ದುಬಾರಿ ಫ್ಯಾನನ್ನು ಯಾಕೆ ಕೊಳ್ಳುತ್ತಾರೆ? ಕೊಳ್ಳುವುದಿಲ್ಲ, ನಿಜ. ಆದರೆ ಬಿಲ್ಲು ಮಾಯವಾಗಿಲ್ಲ, ಅದನ್ನು ಸರ್ಕಾರ ಕಟ್ಟುತ್ತಿದೆ. ಹಾಗಿರುವಾಗ ಆ ಫ್ಯಾನಿನ ಲಾಭವೂ ಸರ್ಕಾರದ್ದೇ. 2023ರಿಂದ ತಿಂಗಳು ತಿಂಗಳೂ ವಿದ್ಯುತ್ತು ವಿತರಿಸುವ ಎಸ್ಕಾಂಗಳಿಗೆ ಸಂದಾಯವಾಗುತ್ತಿರುವ ಸಹಾಯಧನದ ಒಂದಂಶವನ್ನು ಮುಂಗಡವಾಗಿ ಹಾಕಿ ಆ ಮನೆಗಳಿಗೆ ದಕ್ಷ ಫ್ಯಾನು ಕೊಟ್ಟರೆ ಖಜಾನೆಯ ಹೊರೆಯೂ ಇಳಿಯುತ್ತದೆ, ಬಡವರ ಸವಲತ್ತಿಗೂ ಧಕ್ಕೆಯಿಲ್ಲ.

ಸೂರ್ಯ ಮುಳುಗಿದ ಮೇಲೆ ಏನು ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಅದಕ್ಕೆ ಈಗ ಮುಂದಿಟ್ಟಿರುವ ದೊಡ್ಡ ಉತ್ತರ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಇಂಥ ಯೋಜನೆಗಳಲ್ಲಿ ನೂರು ಯೂನಿಟ್ ಸುರಿದು ನೀರು ಮೇಲೆತ್ತಿದರೆ ಮರಳಿ ದಕ್ಕುವುದು 75ರಿಂದ 80. ಅದಕ್ಕಾಗಿ ಸಿಂಗಳೀಕಗಳ ಕಾಡನ್ನು ಕೆದಕಬೇಕು. ಅದಕ್ಕೆ ಕೈಹಾಕುವ ಮೊದಲು, ಹಗಲಿಗೆ ಸರಿಸಬಹುದಾದ ಕೆಲಸಗಳನ್ನೆಲ್ಲ ಸರಿಸಿದ್ದೇವೆಯೇ? ರಾಜ್ಯದ ವಿದ್ಯುತ್ತಿನ ಮೂರನೇ ಒಂದರಷ್ಟನ್ನು ನೀರಾವರಿ ಪಂಪ್‌ಸೆಟ್ಟುಗಳು ಬಳಸುತ್ತವೆ. ತ್ರೀ ಫೇಸ್ ಯಾವಾಗ ಬರುತ್ತದೋ ಎಂದು ರೈತ ಆಟೊ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ನಡುರಾತ್ರಿ ಮೋಟಾರು ತಾನಾಗಿ ಓಡಿ ಬದು ಮೀರಿ ನೀರು ಹರಿಯುತ್ತದೆ. ವೋಲ್ಟೇಜ್ ಕುಸಿದು ಸುಟ್ಟ ಮೋಟಾರು ರೀವೈಂಡಿಂಗ್ ಆಗಿ ಬಂದಮೇಲೆ ಮೊದಲಿಗಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಫೀಡರಿನ ಬಳಿಯೇ ಸೌರ ಫಲಕ ಹಾಕಿ ಹಗಲು ಹೊತ್ತು ಖಾತರಿಯ, ಒಳ್ಳೆಯ ವೋಲ್ಟೇಜಿನ ವಿದ್ಯುತ್ತು ಕೊಟ್ಟರೆ ರೈತನ ನಿದ್ದೆಯೂ ಅಂತರ್ಜಲವೂ ಉಳಿಯುತ್ತವೆ, ರಾತ್ರಿಯ ಹೊರೆಯೂ ಇಳಿಯುತ್ತದೆ. ಬೆಂಗಳೂರಿನ ಮಹಡಿಗಳ ಮೇಲಿನ ಸೋಲಾರ್ ವಾಟರ್ ಹೀಟರ್ ಮಾಡುತ್ತಿರುವುದೂ ಇದನ್ನೇ. ಮಧ್ಯಾಹ್ನದ ಬಿಸಿಲನ್ನು ಮರುದಿನದ ಸ್ನಾನಕ್ಕೆ ಕೂಡಿಟ್ಟು, ಬೆಳಗಿನ ಹೊತ್ತು ಎರಡು ಕಿಲೊವಾಟಿನ ಗೀಸರನ್ನು ಆ ಟ್ಯಾಂಕು ತಪ್ಪಿಸುತ್ತದೆ.

ಇಷ್ಟೆಲ್ಲ ಆದಮೇಲೂ ಹೊಸ ಸ್ಥಾವರಗಳು ಬೇಕಾಗುತ್ತವೆ. ಅವು ಆದಷ್ಟೂ ಬಿಸಿಲು ಮತ್ತು ಗಾಳಿಯವೇ ಆಗಿರಲಿ. ನನ್ನ ಒತ್ತಾಯ ಇಷ್ಟೇ: ಕಾಡಿಗೆ, ಹೊಲಕ್ಕೆ, ಕಣಿವೆಗೆ ಕೈಹಾಕುವ ಯಾವುದೇ ಯೋಜನೆ ಮಂಜೂರಾಗುವ ಮೊದಲು, ಅಷ್ಟೇ ಹಣವನ್ನು ಫ್ಯಾನು, ಪಂಪು, ತಂತಿಗಳ ಸುಧಾರಣೆಗೆ ಹಾಕಿದ್ದರೆ ಎಷ್ಟು ಮೆಗಾವಾಟ್ ಉಳಿಯುತ್ತಿತ್ತು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡುವುದು ಕಡ್ಡಾಯವಾಗಬೇಕು. ಆ ಲೆಕ್ಕ ಕೊಡಲಾಗದ ಯೋಜನೆಗೆ, ಅದು ಕಲ್ಲಿದ್ದಲಿನದಾಗಲಿ ಸೂರ್ಯನದಾಗಲಿ, ಜನರ ನೆಲವನ್ನು ಕೇಳುವ ಹಕ್ಕಿಲ್ಲ.