ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ಹುಡುಗಿಗೆ ಬುದ್ಧಿ ಹೇಳತಕ್ಕವರು ಯಾರು?

ಪ್ರತಿವರ್ಷವೂ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವ ಹೆಣ್ಣುಮಕ್ಕಳಿಗೆ ಹೂವನ್ನೂ ಹಿತವಚನವನ್ನೂ ಕೊಟ್ಟು ಬೀಳ್ಕೊಡುತ್ತೇವೆ. ಅವರಲ್ಲಿ ಅನೇಕರು ಪಿ.ಯು. ತರಗತಿಗಳನ್ನು ದಾಟಿ ವಿಶ್ವವಿದ್ಯಾನಿಲಯದ ಬಾಗಿಲನ್ನು ತಟ್ಟುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಾಗೆ ಹೋದವರಲ್ಲಿ ಎಷ್ಟು ಮಂದಿ ಪದವೀಧರೆಯರಾಗಿ ಹೊರಬಂದರು, ಎಷ್ಟು ಮಂದಿ ಒಂದೆರಡು ವಿಷಯಗಳಲ್ಲಿ ತೇರ್ಗಡೆಯಾಗದೆ ನಡುದಾರಿಯಲ್ಲಿಯೇ ನಿಂತರು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಬುದ್ಧಿಶಕ್ತಿ ಸಾಲದೆ ನಿಂತವರು ಕೆಲವರೇ. ದಾರಿ ತೋರಿಸುವವರಿಲ್ಲದೆ ನಿಂತವರೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಈ ವಿಷಯವಾಗಿ ನಾಲ್ಕು ಮಾತುಗಳನ್ನಿಡುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದ ಬಗೆಯನ್ನು ನೆನೆದರೆ ಪರೀಕ್ಷೆಗೆ ಇಷ್ಟು ಪ್ರಾಧಾನ್ಯ ಬಂದುದೇಕೆಂಬುದು ತಿಳಿಯುತ್ತದೆ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ನಗರಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದಾಗ ಅವು ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯನ್ನು ಅನುಸರಿಸಿದುವು. ಪಾಠ ಹೇಳುವ ಕೆಲಸ ಕಾಲೇಜುಗಳದು. ಪ್ರಶ್ನೆಗಳನ್ನು ಹಾಕಿ, ಉತ್ತರಗಳನ್ನು ತೂಗಿ, ಪದವಿಯನ್ನು ಕೊಡುವ ಕೆಲಸ ವಿಶ್ವವಿದ್ಯಾನಿಲಯದ್ದು. ಕಲಿಸಿದವರು ಒಬ್ಬರು, ಅಳೆಯುವವರು ಇನ್ನೊಬ್ಬರು. ಮುಂದೆ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, 1949ರಲ್ಲಿ ಸ್ಥಾಪಿತವಾಗಿ ಧಾರವಾಡದಲ್ಲಿ ನೆಲೆಸಿದ ಕರ್ನಾಟಕ ವಿಶ್ವವಿದ್ಯಾನಿಲಯವೂ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವೂ ತಲೆಯೆತ್ತಿದುವು. ಇವು ಬೋಧನೆಯನ್ನೂ ಕೈಗೊಂಡವು. ಆದರೂ ಇವುಗಳಿಗೆ ಸೇರಿದ ನೂರಾರು ಕಾಲೇಜುಗಳಲ್ಲಿ, ಸ್ವಾಯತ್ತವಾದವುಗಳನ್ನು ಬಿಟ್ಟರೆ, ಹಳೆಯ ಕಟ್ಟಳೆಯೇ ಉಳಿದಿದೆ. ಹುಡುಗಿಯ ಮುಖವನ್ನು ಕಾಣದ, ಅವಳ ಹೆಸರನ್ನೂ ಅರಿಯದ ಒಬ್ಬರು ಅವಳ ಉತ್ತರಪತ್ರಿಕೆಯನ್ನು ತಿದ್ದುತ್ತಾರೆ. ಪಕ್ಷಪಾತವಿಲ್ಲದಿರಲೆಂದೇ ಹೀಗೆ ಮಾಡಿದುದು, ಅದು ಒಳ್ಳೆಯದೇ. ಆದರೆ ಪ್ರತಿಯೊಬ್ಬ ಉಪಾಧ್ಯಾಯಿನಿಯೂ ತನ್ನ ಕೈಬರಹವನ್ನು ಬಲ್ಲ ಶಾಲೆಯಿಂದ ಬಂದವಳಿಗೆ ಈ ಬದಲಾವಣೆ ಚಿಕ್ಕದಲ್ಲ.

ಹೆಣ್ಣುಮಕ್ಕಳಿಗೆ ಈ ಬಾಗಿಲು ತಾನಾಗಿ ತೆರೆಯಲಿಲ್ಲವೆಂಬುದನ್ನೂ ಮರೆಯಬಾರದು. ಕಲ್ಕತ್ತೆಯ ಬೆಥೂನ್ ಕಾಲೇಜಿನ ಚಂದ್ರಮುಖಿ ಬಸು ಮತ್ತು ಕಾದಂಬಿನಿ ಬಸು ಎಂಬ ಇಬ್ಬರು 1883ರಲ್ಲಿ ಪದವಿ ಪಡೆದಾಗ ಅದು ದೇಶವೆಲ್ಲ ಮಾತಾಡಿದ ಸಂಗತಿಯಾಯಿತು. ಪುಣೆಯಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿಯವರು ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತರು. ಅದಕ್ಕಾಗಿ ವಿಶ್ವವಿದ್ಯಾನಿಲಯವು ವಿಶೇಷ ಅನುಮತಿಯೊಂದನ್ನು ಹೊರಡಿಸಬೇಕಾಯಿತು. ಪರೀಕ್ಷೆ ಮುಗಿದರೂ ಪದವಿ ಕೈಗೆ ಬರಲಿಲ್ಲ. ಆಕ್ಸ್‌ಫರ್ಡು ಸ್ತ್ರೀಯರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ಸೊರಾಬ್ಜಿಯವರ ಕೈಗೆ ಅದು ಬಂದದ್ದು 1922ರಲ್ಲಿ, ಮೂವತ್ತು ವರ್ಷಗಳ ತರುವಾಯ. ಇಂದು ಅಂಥ ತಡೆ ಯಾವುದೂ ಇಲ್ಲ. ಅಂದಿನ ತಡೆ ಕಣ್ಣಿಗೆ ಕಾಣುತ್ತಿತ್ತು, ಇಂದಿನದು ಕಾಣುವುದಿಲ್ಲ. ಮನೆಯಲ್ಲಿ ತಾನೇ ಮೊದಲನೆಯವಳಾಗಿ ಕಾಲೇಜಿನ ಮೆಟ್ಟಲು ಹತ್ತಿದ ಹುಡುಗಿಗೆ ಆರು ತಿಂಗಳಿಗೊಮ್ಮೆ ಬರುವ ಸೆಮಿಸ್ಟರು ಪರೀಕ್ಷೆ, ಆಂತರಿಕ ಅಂಕಗಳು, ಹಾಜರಿಯ ನಿಯಮ, ಅರ್ಧ ಮಾತ್ರ ತಿಳಿಯುವ ಇಂಗ್ಲಿಷ್ ಉಪನ್ಯಾಸ ಇವೆಲ್ಲವೂ ಒಂದೇ ತಿಂಗಳಲ್ಲಿ ಎದುರಾಗುತ್ತವೆ. ಯಾರನ್ನು ಕೇಳಬೇಕೆಂಬುದು ತಿಳಿಯದು; ಕೇಳಿದರೆ ದಡ್ಡಳೆಂದಾರೆಂಬ ನಾಚಿಕೆ ಬೇರೆ.

ಹಾಗೆಂದು ಬುದ್ಧಿ ಹೇಳುವವರಿಗೆ ಬರವುಂಟೆಂದು ತಿಳಿಯಬಾರದು. ನೆರೆಮನೆಯವರು ಹೇಳುತ್ತಾರೆ, ದೊಡ್ಡಪ್ಪನ ಮಗ ಹೇಳುತ್ತಾನೆ, ಗೈಡು ಮಾರುವ ಅಂಗಡಿಯವನು ಹೇಳುತ್ತಾನೆ. ಈಗಂತೂ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿನೊಳಗೆ ಒಂದೇ ರಾತ್ರಿಯಲ್ಲಿ ಇಡೀ ಪಠ್ಯವನ್ನು ಮುಗಿಸಿಕೊಡುವೆನೆನ್ನುವ ಗುರುಗಳು ಹಗಲಿರುಳೂ ಕುಳಿತಿದ್ದಾರೆ. ಒಬ್ಬರು ನಾಲ್ಕು ಗಂಟೆಗೆ ಏಳು ಎಂದರೆ ಇನ್ನೊಬ್ಬರು ಎರಡು ಗಂಟೆಯವರೆಗೆ ಓದು ಎನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಿದವಳಿಗೆ ನಿದ್ದೆಯೇ ಇಲ್ಲ. ಇಷ್ಟು ಮಂದಿಯಲ್ಲಿ ಯಾರ ಮಾತನ್ನು ಸ್ವೀಕರಿಸಬೇಕು? ನಮ್ಮ ಮಟ್ಟಿಗೆ ಮೂರು ಪ್ರಶ್ನೆಗಳು ಸಾಕು. ಹೇಳುವವರು ಈ ಪರೀಕ್ಷೆಯನ್ನು, ಇದೇ ಪಠ್ಯಕ್ರಮದಲ್ಲಿ, ಇತ್ತೀಚೆಗೆ ಬರೆದವರೋ ಅಥವಾ ಕಲಿಸುವವರೋ? ಅವರು ಈ ಹುಡುಗಿಯ ಶಕ್ತಿಯನ್ನೂ ಕುಂದನ್ನೂ ಬಲ್ಲವರೋ? ಫಲಿತಾಂಶ ಬಂದ ದಿನ ಅವಳ ಪಕ್ಕದಲ್ಲಿ ನಿಲ್ಲತಕ್ಕವರೋ? ಮೂರಕ್ಕೂ ಹೌದೆಂದು ಉತ್ತರ ಬಂದರೆ ಅಂಥವರ ಮಾತು ಚಿನ್ನ. ಮೂರಕ್ಕೂ ಅಲ್ಲವೆಂದು ಬಂದರೆ, ಎಷ್ಟೇ ಇಂಪಾಗಿದ್ದರೂ ಅದನ್ನು ಬಿಡುವುದೇ ಲೇಸು.

ಓದುವ ಬಗೆಯನ್ನು ಕುರಿತು ಊಹೆಯಿಂದ ಮಾತಾಡಬೇಕಾದ ಕಾಲ ಕಳೆದುಹೋಗಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು 1885ರಲ್ಲಿಯೇ ತಮ್ಮ ಮೇಲೆ ತಾವೇ ಪ್ರಯೋಗ ನಡೆಸಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಬಹುಭಾಗ ಮರೆತುಹೋಗುವುದನ್ನೂ, ಒಂದೇ ಸಲಕ್ಕೆ ಉರು ಹೊಡೆಯುವುದಕ್ಕಿಂತ ದಿನಗಳಲ್ಲಿ ಹಂಚಿಕೊಂಡು ಕಲಿತರೆ ಶ್ರಮ ಕಡಮೆಯಾಗುವುದನ್ನೂ ತೋರಿಸಿಕೊಟ್ಟರು. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜಿನ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಮಾಡಿ ಒಂದು ಪಾಠವನ್ನು ಕೊಟ್ಟರು. ಒಂದು ಗುಂಪಿನವರು ಅದನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿದರು. ಮತ್ತೊಂದು ಗುಂಪಿನವರು ಒಂದು ಅವಧಿ ಓದಿ, ಪಾಠವನ್ನು ಮುಚ್ಚಿಟ್ಟು, ನೆನಪಾದುದನ್ನು ಮೂರು ಸಲ ಬರೆದರು. ಐದು ನಿಮಿಷಗಳ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗಲಾದರೋ, ಓದಿದವರಿಗೆ ನೂರಕ್ಕೆ 40ರಷ್ಟೂ ಬರೆದವರಿಗೆ ನೂರಕ್ಕೆ 61ರಷ್ಟೂ ನೆನಪಿತ್ತು. ಮತ್ತೆ ಮತ್ತೆ ಓದಿದವಳಿಗೆ ಎಲ್ಲವೂ ಬರುತ್ತದೆಂಬ ಧೈರ್ಯವಿರುತ್ತದೆ. ಆ ಧೈರ್ಯ ಪರೀಕ್ಷಾಮಂದಿರದಲ್ಲಿ ಕೈಬಿಡುತ್ತದೆ. 2013ರಲ್ಲಿ ಹತ್ತು ಬಗೆಯ ಅಭ್ಯಾಸಕ್ರಮಗಳನ್ನು ತೂಗಿನೋಡಿದ ಇನ್ನೊಂದು ತಂಡದ ಪಂಡಿತರೂ ತಾನೇ ತನ್ನನ್ನು ಪರೀಕ್ಷಿಸಿಕೊಳ್ಳುವುದು, ಅಭ್ಯಾಸವನ್ನು ದಿನಗಳಲ್ಲಿ ಹಂಚಿಕೊಳ್ಳುವುದು ಈ ಎರಡಕ್ಕೇ ಮೇಲಿನ ಸ್ಥಾನವನ್ನು ಕೊಟ್ಟರು. ಸಾಲುಗಳ ಕೆಳಗೆ ಗೆರೆಯೆಳೆಯುವುದಕ್ಕೂ ಬರಿದೆ ತಿರುಗಿ ಓದುವುದಕ್ಕೂ ದೊರೆತುದು ಕೆಳಗಿನ ಸ್ಥಾನ.

ಇದನ್ನು ನಮ್ಮ ಮಕ್ಕಳ ನಿತ್ಯದ ಕೆಲಸಕ್ಕೆ ಇಳಿಸುವುದು ಕಷ್ಟವಲ್ಲ. ಅಂದಂದಿನ ಪಾಠವನ್ನು ಅಂದು ಸಂಜೆಯೇ ಪುಸ್ತಕ ಮುಚ್ಚಿ ಒಂದು ಪುಟದಲ್ಲಿ ಬರೆದುನೋಡಲಿ. ಬಾರದ ಭಾಗವನ್ನು ಮಾತ್ರ ತೆರೆದು ಓದಲಿ. ಮೂರು ದಿನದ ಮೇಲೊಮ್ಮೆ, ಎರಡು ವಾರದ ಮೇಲೊಮ್ಮೆ ಅದನ್ನೇ ಮಾಡಲಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಸೆಮಿಸ್ಟರಿನ ಕೊನೆಗಲ್ಲ, ಮೊದಲ ವಾರದಲ್ಲಿಯೇ ಸಂಪಾದಿಸಲಿ. ಯಾವ ಪ್ರಶ್ನೆ ಬರುವುದೆಂದು ಊಹಿಸುವುದಕ್ಕಾಗಿ ಇವು ಬೇಕಾದುದಲ್ಲ. ಎರಡು ಅಂಕದ ಉತ್ತರಕ್ಕೂ ಹತ್ತು ಅಂಕದ ಉತ್ತರಕ್ಕೂ ಇರುವ ಅಂತರ ತಿಳಿಯುವುದಕ್ಕಾಗಿ. ಗಡಿಯಾರವನ್ನು ಮುಂದಿಟ್ಟುಕೊಂಡು ಒಂದಾದರೂ ಪತ್ರಿಕೆಯನ್ನು ಪೂರ್ತಿಯಾಗಿ ಬರೆಯಲಿ. ಎಲ್ಲವನ್ನೂ ಬಲ್ಲವಳು ಮೊದಲನೆಯ ಪ್ರಶ್ನೆಗೆ ಎಂಟು ಪುಟ ಬರೆದು ಕೊನೆಯ ಎರಡನ್ನು ಬಿಟ್ಟುಬರುವುದು ಅಪರೂಪವೇನೂ ಅಲ್ಲ. ಇಂಗ್ಲಿಷಿನ ತೊಡಕಿಗೆ ಎರಡು ಅಂಕಣಗಳ ಒಂದು ಪುಸ್ತಕವಿರಲಿ: ಎಡಕ್ಕೆ ಪಾರಿಭಾಷಿಕ ಪದ, ಬಲಕ್ಕೆ ತನ್ನ ಕನ್ನಡದಲ್ಲಿ ಅದರ ಅರ್ಥ. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಕಲಾವಿಭಾಗದ ಅನೇಕ ವಿಷಯಗಳಿಗೆ ಕನ್ನಡದಲ್ಲಿಯೇ ಉತ್ತರಿಸಲು ಅವಕಾಶವುಂಟು. ಅದನ್ನರಿಯದೆ ಮುರುಕು ಇಂಗ್ಲಿಷಿನಲ್ಲಿ ಬರೆದು ಅಂಕ ಕಳೆದುಕೊಳ್ಳುವವರೂ ಉಂಟು.

ನಿಯಮಗಳ ತಿಳಿವಳಿಕೆಯೂ ಓದಿನಷ್ಟೇ ಅವಶ್ಯಕ. ಅಂಕಗಳು ನಿರೀಕ್ಷೆಗಿಂತ ಬಹಳ ಕಡಮೆ ಬಂದಲ್ಲಿ ಅಳುತ್ತ ಕೂಡಬೇಕಾದುದಿಲ್ಲ. ಪರೀಕ್ಷೆ ಬರೆದವರಿಗೆ ತಮ್ಮ ತಿದ್ದಿದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ನೋಡುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ. ಉತ್ತರಪತ್ರಿಕೆಯ ಪ್ರತಿಯನ್ನು ಪಡೆಯುವುದಕ್ಕೂ ಮರುಮೌಲ್ಯಮಾಪನಕ್ಕೂ ವಿಶ್ವವಿದ್ಯಾನಿಲಯಗಳು ಶುಲ್ಕವನ್ನೂ ಕೊನೆಯ ದಿನಾಂಕವನ್ನೂ ಗೊತ್ತುಮಾಡುತ್ತವೆ. ಆ ದಿನಾಂಕ ಕಳೆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಇಂಥದು ಉಂಟೆಂದು ಹೇಳುವವರೊಬ್ಬರು ಆ ವಾರದಲ್ಲಿ ಹತ್ತಿರವಿದ್ದರೆ ಒಂದು ವರ್ಷ ಉಳಿಯಬಹುದು.

ಇನ್ನು ತಾಯಿತಂದೆಗಳಿಗೆ ಒಂದು ಮಾತು. ಒಂದು ವಿಷಯದಲ್ಲಿ ಮಗ ತೇರ್ಗಡೆಯಾಗದಿದ್ದರೆ ಮತ್ತೊಮ್ಮೆ ಕಟ್ಟು ಎನ್ನುತ್ತೇವೆ; ಮಗಳು ತೇರ್ಗಡೆಯಾಗದಿದ್ದರೆ ಓದಿದ್ದು ಸಾಕು, ಮನೆಗೆ ಬಾ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ತರುವಾಯ ವರಾನ್ವೇಷಣೆ. ಪರೀಕ್ಷೆಯ ಫಲಿತಾಂಶ ಇಬ್ಬರಿಗೂ ಒಂದೇ. ಅದರ ದಂಡ ಮಾತ್ರ ಬೇರೆ. ಹುಡುಗಿಯರು ಪರೀಕ್ಷೆಗೆ ಇಷ್ಟು ನಡುಗುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾವು ತಿಳಿದಿದ್ದೇವೆ. ಮೂರು ಗಂಟೆಯ ಕಾಲದೊಳಗೆ ತನ್ನ ಮುಂದಿನ ಬಾಳೆಲ್ಲ ತೀರ್ಮಾನವಾಗುವುದೆಂದು ಭಾವಿಸಿದವಳಿಗೆ ಕಲಿತದ್ದೂ ನೆನಪಾಗದು. ಸರಕಾರವೇ 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು. ಪರೀಕ್ಷೆಗಳನ್ನು ಮೂರು ಸಲ ನಡೆಸಿ ಮಕ್ಕಳಿಗೆ ಮರಳಿ ಮರಳಿ ಅವಕಾಶ ಕೊಟ್ಟಿತು. ಹೆತ್ತವರ ಮನಸ್ಸು ಸರಕಾರಕ್ಕಿಂತ ಕಠಿಣವಾಗಬಾರದಷ್ಟೆ. ಪರೀಕ್ಷೆಗೆ ಮೊದಲೇ ಮಗಳನ್ನು ಕೂರಿಸಿಕೊಂಡು, “ಹೇಗೇ ಆಗಲಿ, ನಿನ್ನ ಓದು ನಿಲ್ಲದು” ಎಂದು ಬಾಯಿಬಿಟ್ಟು ಹೇಳಿರಿ. ಆ ತಿಂಗಳಲ್ಲಿ ಅಡಿಗೆಮನೆಯ ಕೆಲಸವನ್ನೂ ತಮ್ಮತಂಗಿಯರ ಚಾಕರಿಯನ್ನೂ ಅವಳ ತಲೆಯ ಮೇಲೆ ಹೊರಿಸಬೇಡಿರಿ. ನೆರೆಯವರ ಮಗಳ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿರಿ. ನೀವು ಕಾಲೇಜು ಕಂಡವರಲ್ಲದಿದ್ದರೂ ಈ ಸಹಾಯವನ್ನು ನಿಮ್ಮಂತೆ ಇನ್ನಾರೂ ಮಾಡಲಾರರು.

ನಮ್ಮ ಕಾಲದಲ್ಲಿ ಯಾರು ಹೇಳಿಕೊಟ್ಟರು, ನಾವು ಒಬ್ಬಂಟಿಗರಾಗಿಯೇ ಓದಿ ಮುಂದೆ ಬರಲಿಲ್ಲವೇ ಎಂದು ಕೆಲವು ಹಿರಿಯ ಸಹೋದರಿಯರು ಕೇಳಬಹುದು. ಬಂದವರು ಬಂದರು ನಿಜ; ಬರಲಾಗದವರು ಇಂದು ಈ ಪ್ರಶ್ನೆಯನ್ನು ಕೇಳುವ ಸ್ಥಾನದಲ್ಲಿಲ್ಲ. ಆಸರೆ ಕೊಟ್ಟರೆ ಮಕ್ಕಳು ಮೆತ್ತಗಾಗುವರೆಂಬ ಭಯವೂ ಬೇಡ. ಬಳ್ಳಿಗೆ ಚಪ್ಪರ ಹಾಕಿದರೂ ಹಬ್ಬುವ ಕೆಲಸ ಬಳ್ಳಿಯದೇ. ಉತ್ತರವನ್ನು ಬರೆದುಕೊಡಿರೆಂದು ನಾವು ಹೇಳುತ್ತಿಲ್ಲ. ಯಾವ ಕಚೇರಿಯಲ್ಲಿ ಯಾವ ಅರ್ಜಿ ಸಲ್ಲಿಸಬೇಕು, ಯಾವ ಅಧ್ಯಾಪಕರನ್ನು ಯಾವ ಹೊತ್ತಿನಲ್ಲಿ ಕಾಣಬೇಕು, ಮೊದಲ ಸೆಮಿಸ್ಟರಿನಲ್ಲಿ ಯಾವುದಕ್ಕೆ ಹೆದರಬೇಕಾದುದಿಲ್ಲ ಎಂಬಿಷ್ಟನ್ನು ಹೇಳಿರೆಂಬುದೇ ನಮ್ಮ ಬಿನ್ನಹ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಸಂಘವು ಒಂದು ದಾಖಲೆಪುಸ್ತಕವನ್ನು ತೆರೆದು, ನಮ್ಮವರಲ್ಲಿ ಯಾರು ಯಾವ ವಿಶ್ವವಿದ್ಯಾನಿಲಯದಲ್ಲಿ ಯಾವ ವಿಷಯವನ್ನು ಓದಿದರು, ಓದುತ್ತಿದ್ದಾರೆ ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆದಿಡಲಿ. ಎರಡನೆಯದಾಗಿ, ಪದವಿ ತರಗತಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬ ಹುಡುಗಿಗೂ ಅದೇ ವಿಷಯವನ್ನು ಇತ್ತೀಚೆಗೆ ಓದಿದ ಒಬ್ಬ ಅಕ್ಕನನ್ನು ಗೊತ್ತುಮಾಡಲಿ. ಆ ಅಕ್ಕ ಮೊದಲ ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ಅವಳನ್ನು ಮಾತಾಡಿಸಲಿ, ಫಲಿತಾಂಶದ ದಿನವನ್ನಂತೂ ತಪ್ಪಿಸದಿರಲಿ. ಮೂರನೆಯದಾಗಿ, ತೇರ್ಗಡೆಯಾಗಿ ಹೋದವರು ತಮ್ಮ ಪ್ರಶ್ನೆಪತ್ರಿಕೆಗಳನ್ನೂ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಶಾಲೆಯ ಪುಸ್ತಕಭಂಡಾರದ ಒಂದು ಕಪಾಟಿಗೆ ಕೊಡಲಿ. ಇವುಗಳಿಗೆ ಹಣ ಹೆಚ್ಚು ಬೇಡ. ಮನಸ್ಸೂ ತಿಂಗಳಿಗೆ ಅರ್ಧ ಗಂಟೆಯೂ ಬೇಕು.

ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಸಹೋದರಿಯರೇ, ನಿಮ್ಮಲ್ಲಿ ಒಂದು ವಿಷಯದಲ್ಲಿ ಎಡವಿ, ಎದ್ದು, ಪದವಿ ಪಡೆದವರೂ ಇದ್ದೀರಿ. ಮೊದಲ ದರ್ಜೆಯಲ್ಲಿ ಬಂದವರಿಗಿಂತ ನಿಮ್ಮ ಮಾತೇ ಎಡವಿ ಬಿದ್ದ ಹುಡುಗಿಗೆ ಹೆಚ್ಚು ಬೇಕಾದುದು. ದಯಮಾಡಿ ಸಂಘದ ಪುಸ್ತಕದಲ್ಲಿ ನಿಮ್ಮ ಹೆಸರನ್ನು ಮೊದಲು ಬರೆಯಿಸಿರಿ.